ಮಾವಶಿ ಮತ್ತು ಲಾಂಚಿನ ಊಟ

ಕುರ್ಲಾದ ನಮ್ಮ ಮಾವಶಿ ಕಳೆದ ತಿಂಗಳು ಖಾನಾವಳಿ ಮುಚ್ಚಿ ಬಿಜಾಪುರದ ತಂಗಿಯ ಮನೆಗೆ ಹೊರಟುಹೋದರು. ಹೋಗುವ ಮುಂಚೆ, ತಮ್ಮ ಕೈಯಲ್ಲಿ ಉಂಡು ಬೆಳೆದು ಈಗ ಉಪನಗರಗಳ ತುಂಬ ಚದುರಿಹೋಗಿರುವ ಹಳಬರನ್ನೆಲ್ಲ ಕರೆದು ಒಂದು ಊಟ ಹಾಕಿದರು. ಆ ಊಟಕ್ಕೆ ಒಬ್ಬನೂ ತಪ್ಪಿಸಲಿಲ್ಲ. ಒಬ್ಬ ಸಾಂತಾಕ್ರೂಜಿನಿಂದ ಜ್ವರದಲ್ಲೇ ಮಫ್ಲರು ಸುತ್ತಿಕೊಂಡು ಬಂದಿದ್ದ. ಇನ್ನೊಬ್ಬ ಸಾಹೇಬನಿಗೆ ಅಜ್ಜಿಯ ತಿಥಿಯೆಂದು ಸುಳ್ಳು ಹೇಳಿ ಬಂದಿದ್ದ. ನೋಡಿದವರು ಏನು ಪ್ರೀತಿಯಪ್ಪಾ ಇವರದು ಎಂದುಕೊಂಡಿರಬೇಕು. ಪ್ರೀತಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನಮ್ಮನ್ನು ಕಿವಿ ಹಿಡಿದು ಅಲ್ಲಿಗೆ ಎಳೆದು ತಂದದ್ದು ಪ್ರೀತಿಯೊಂದೇ ಅಲ್ಲ. ಅದು ಏನೆಂದು ನಮಗೆಲ್ಲ ಗೊತ್ತಿತ್ತು, ಮಾವಶಿಗೂ ಗೊತ್ತಿತ್ತು.

ಮಾವಶಿ ಎಂದರೆ ತಾಯಿಯ ತಂಗಿ. ಅವರು ನಮ್ಮಲ್ಲಿ ಯಾರ ತಾಯಿಯ ತಂಗಿಯೂ ಅಲ್ಲ. ಧಾರವಾಡ, ಬೆಳಗಾವಿ, ಬಿಜಾಪುರದ ಕಡೆಯಿಂದ ನೌಕರಿ ಹುಡುಕಿಕೊಂಡು ಮುಂಬಯಿಗೆ ಬಂದ ಹುಡುಗರು ಚಾಳಿನ ಎರಡನೆಯ ಮಾಳಿಗೆ ಹತ್ತಿ, ನಳದ ಪಕ್ಕದ ಕೊನೆಯ ಖೋಲಿಯ ಮುಂದೆ ನಿಂತು ‘ಮಾವಶಿ, ನನಗೂ ಒಂದು ತಾಟು ಹಚ್ಚತೀರೇನ್ರಿ?’ ಎಂದು ಕೇಳುತ್ತಿದ್ದರು. ಕೇಳಿದ ದಿನದಿಂದ ಸಂಬಂಧ ಹತ್ತಿತು. ಮೋಟು ಆಳು, ಅಗಲವಾದ ಅಂಗೈ. ರೊಟ್ಟಿ ಬಡಿಯುವಾಗ ಮುಖ ನಿಮ್ಮ ಕಡೆ ತಿರುಗುತ್ತಿರಲಿಲ್ಲ, ಮಾತು ಮಾತ್ರ ನೇರವಾಗಿ ನಿಮಗೇ ಬಂದು ತಾಗುತ್ತಿತ್ತು. ಮೆಟ್ಟಿಲ ಮೇಲೆ ನಮ್ಮ ಹೆಜ್ಜೆ ಕೇಳಿಯೇ ಇವನಿಗೆ ಇಂದು ಕಚೇರಿಯಲ್ಲಿ ಬೈಗುಳ ಬಿದ್ದಿದೆ ಎಂದು ಹೇಳಿಬಿಡುತ್ತಿದ್ದರು. ಒಮ್ಮೊಮ್ಮೆ ತಪ್ಪುತ್ತಿತ್ತು. ತಪ್ಪಿದರೆ, ‘ಇವತ್ತ ಬಿದ್ದಿಲ್ಲಂದರ ನಾಳೆ ಬೀಳತಾವ ತಗೋ’ ಎನ್ನುತ್ತಿದ್ದರು.

ಗಂಡ ರೈಲ್ವೆ ಕಾರ್ಖಾನೆಯಲ್ಲಿದ್ದವರು, ಚಿಕ್ಕ ವಯಸ್ಸಿಗೇ ತೀರಿಕೊಂಡರು. ಮಕ್ಕಳಿರಲಿಲ್ಲ. ಊರಿಗೆ ಬಾ ಎಂದು ಮೈದುನ ಬಂದು ಕರೆದನಂತೆ. ಇವರು ಹೋಗಲಿಲ್ಲ. ಯಾಕೆ ಎಂದು ನಾನೊಮ್ಮೆ ಕೇಳಿದ್ದೆ.

‘ಊರಿಗೆ ಹೋದರ ಮೂಲಿ, ಇಲ್ಲೇ ಇದ್ದರ ಒಲಿ. ಒಲಿನ ಛಲೋ ಅಂದೆ.’

ಆ ಒಲೆಯ ಮುಂದೆ ಅವರು ಯಾರಿಗೂ ಜಗ್ಗುತ್ತಿರಲಿಲ್ಲ. ರೇಶನ್ ಅಂಗಡಿಯಲ್ಲಿ ಜೋಳದ ಬದಲು ಹಡಗಿನಲ್ಲಿ ಬಂದ ಕೆಂಪು ಜೋಳ ಕೊಡುತ್ತಿದ್ದ ಕಾಲ ಅದು. ಅದರ ರೊಟ್ಟಿ ತಟ್ಟಿದರೆ ಅಂಚು ಒಡೆಯುತ್ತಿತ್ತು, ಬೆಂದರೆ ಹಂಚಿಗೇ ಅಂಟುತ್ತಿತ್ತು. ‘ಇದು ಜ್ವಾಳ ಅಲ್ಲಪಾ, ಜ್ವಾಳದ ದಾಯಾದಿ. ಹೆಸರು ಅದ, ಗುಣ ಇಲ್ಲ’ ಎಂದು ಬೈಯುತ್ತಲೇ ಬಿಸಿನೀರು ಹಾಕಿ ನಾದಿ ಅದನ್ನೂ ಪಳಗಿಸಿದರು. ಮುಂದೆ ನಮ್ಮ ಜಿಲ್ಲೆಗಳೆಲ್ಲ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದಾಗ ನಾವು ಪೇಢೆ ಹಂಚಿದೆವು. ಮಾವಶಿ ಪೇಢೆ ತಿಂದು ಕೈ ಒರೆಸಿಕೊಂಡು, ‘ಇನ್ನ ಮ್ಯಾಲ ನಾವು ಇಲ್ಲಿ ಬೀಗರಾದಿವೇನು? ಹಂಗಾದರ ಜರಾ ಮರ್ಯಾದಿಲೇ ಉಣ್ಣರಿ’ ಎಂದರು.

ಖಾನಾವಳಿಗೆ ಒಂದು ಕಟ್ಟಳೆ ಇತ್ತು. ಸಂಜೆ ಊಟಕ್ಕೆ ಬರದವನು ಬೆಳಿಗ್ಗೆ ಹೋಗುವಾಗಲೇ ‘ಮಾವಶಿ, ಇವತ್ತ ನನ್ನ ತಾಟು ಬ್ಯಾಡ್ರಿ’ ಎಂದು ಹೇಳಿ ಹೋಗಬೇಕು. ಹೇಳದಿದ್ದರೆ ತಾಟು ಇಟ್ಟೇ ಇರುತ್ತಿತ್ತು. ಎಷ್ಟು ತಡವಾದರೂ ಸರಿ, ಅವನು ಬಂದು ಉಣ್ಣುವ ತನಕ ಅವರು ಉಣ್ಣುತ್ತಿರಲಿಲ್ಲ.

ಇನ್ನೊಂದು ಕಟ್ಟಳೆ ಅವರ ಸ್ವಂತದ್ದು. ‘ಕರೀದ ಹೋಗಬಾರದು, ಕರದ ಮ್ಯಾಲ ತಪ್ಪಸಬಾರದು.’ ಇದನ್ನು ಅವರು ಉಪ್ಪಿನಕಾಯಿ ಬಡಿಸಿದಷ್ಟು ಸಹಜವಾಗಿ ಹೇಳುತ್ತಿದ್ದರು. ಅದರ ಹಿಂದೆ ಒಂದು ಕತೆ ಇತ್ತು. ಗಂಡ ತೀರಿಕೊಂಡ ವರ್ಷ ಮೈದುನನ ಮಗನ ಮುಂಜಿ. ನಮ್ಮದೇ ಮನೆ, ನಮ್ಮನ್ನೇನು ಕರೆಯುವುದು ಎಂದು ಇವರು ತಾವಾಗಿ ಹೋದರು. ಹೋದವರನ್ನು ಅಟ್ಟದ ಕೆಳಗಿನ ಕತ್ತಲ ಕೋಣೆಯಲ್ಲಿ ಕೂಡಿಸಿ, ಅಲ್ಲಿಗೇ ಒಂದು ತಾಟು ಕಳಿಸಿದರು. ‘ತಪ್ಪು ಅವರದಲ್ಲ. ಕರದಿದ್ದರ ಎಲ್ಲಿ ಕೂಡಸಬೇಕಂತ ಅವರೂ ವಿಚಾರ ಮಾಡತಿದ್ದರು. ನಾ ಹಂಗ ಹೋದೆ, ಹಂಗ ಕೂಡಿಸಿದರು’ ಎಂದು ಮಾವಶಿ ನಗುತ್ತ ಹೇಳಿದ್ದರು. ಆಮೇಲೆ ಅವರು ಯಾರಾದರೂ ಬಾಗಿಲಿಗೆ ಬಂದು, ಅಕ್ಷತೆ ಕೊಟ್ಟು, ‘ಬರ್ರಿ’ ಎಂದರೆ ಮಾತ್ರ ಹೋಗುವರು. ನಮ್ಮ ಕಡೆಯ ಪದ್ಧತಿಯೇ ಅದು. ಅಚ್ಚು ಹಾಕಿಸಿದ ಲಗ್ನಪತ್ರಿಕೆ ಎಷ್ಟೇ ಬಂದರೂ ಮನೆಯವರು ಬಂದು ಅಕ್ಷತೆಯ ನಾಲ್ಕು ಕಾಳು ಕೊಟ್ಟರೇನೇ ಕರೆ.

ಮಾವಶಿಗೆ ಇದ್ದ ಹುಚ್ಚು ಒಂದೇ, ಸಮುದ್ರ. ಬಿಜಾಪುರದ ಹೆಣ್ಣುಮಗಳು, ಬಾವಿಯ ತಳದಿಂದ ಅರ್ಧ ಕೊಡ ನೀರು ಸೇದಿ ಬೆಳೆದವರು. ನಾರಳಿ ಹುಣ್ಣಿಮೆಗೆ ತಪ್ಪದೆ ದಂಡೆಗೆ ಹೋಗಿ ತೆಂಗಿನಕಾಯಿ ಬಿಟ್ಟು ಬರುತ್ತಿದ್ದರು. ಪಾದ ಮುಳುಗುವಷ್ಟು ನೀರಿಗೂ ಇಳಿಯುತ್ತಿರಲಿಲ್ಲ. ‘ಇಷ್ಟ ನೀರು ಇಟಗೊಂಡು ಒಂದು ತಂಬಗಿ ಕುಡೀಲಿಕ್ಕೆ ಬರೂದಿಲ್ಲ, ಏನು ದೇವರಪಾ ಅವಾ’ ಎಂದು ಗೊಣಗುವರು. ಆದರೆ ದೂರದಲ್ಲಿ ಲಾಂಚು ಹೋಗುತ್ತಿದ್ದರೆ ಕಣ್ಣಿಗೆ ಕೈ ಅಡ್ಡ ಹಿಡಿದು ಅದು ಮರೆಯಾಗುವ ತನಕ ನೋಡುವರು. ‘ಅದರಾಗ ಕೂತವರಿಗೆ ನಾವು ಹ್ಯಾಂಗ ಕಾಣತಿರಬಹುದು?’ ಎಂದು ಒಮ್ಮೆ ನನ್ನನ್ನು ಕೇಳಿದ್ದರು. ನನಗೂ ಗೊತ್ತಿರಲಿಲ್ಲ.

ಖಾನಾವಳಿಯಲ್ಲಿ ನನ್ನ ಪಕ್ಕದ ಮಣೆಯ ಗೆಳೆಯ ಗದಗಿನ ಕಡೆಯ ಹುಡುಗ, ಬಂದರಿನಲ್ಲಿ ಗುಮಾಸ್ತ. ತಂದೆತಾಯಿ ಇಲ್ಲದೆ ಕಾಕಾನ ಮನೆಯಲ್ಲಿ ಬೆಳೆದವನು. ವಿಷಮಜ್ವರ ಬಂದು ಮಲಗಿದಾಗ ಮಾವಶಿ ಅವನನ್ನು ತಮ್ಮ ಖೋಲಿಗೇ ಎತ್ತಿ ತರಿಸಿ, ತಿಂಗಳುಗಟ್ಟಲೆ ಗಂಜಿ ಕುಡಿಸಿ ಬದುಕಿಸಿದ್ದರು. ಅವನು ಮಧ್ಯಾಹ್ನದ ಊಟ ಮಾಡುತ್ತಿದ್ದದ್ದು ಹಡಗು ನಿಲ್ಲುವ ಧಕ್ಕೆಯ ಹತ್ತಿರ ಉಡುಪಿಯ ಕಡೆಯವರೊಬ್ಬರು ನಡೆಸುತ್ತಿದ್ದ ಕ್ಯಾಂಟೀನಿನಲ್ಲಿ. ಹುಡುಗ ಎಲೆಯಲ್ಲಿ ಒಂದು ಅಗುಳೂ ಬಿಡದೆ ಉಣ್ಣುವುದನ್ನು ವರ್ಷಗಟ್ಟಲೆ ನೋಡಿ ನೋಡಿ ಆ ಮಾಲೀಕರು ಮಗಳನ್ನು ಕೊಡಲು ಮನಸ್ಸು ಮಾಡಿದರು. ಮಠ ಒಂದೇ, ಮಾತು ಮಾತ್ರ ಬೇರೆ. ಸುದ್ದಿ ಕೇಳಿ ಮಾವಶಿ, ‘ರೊಟ್ಟಿ ತಿನ್ನೂದು ಕಲಿಸಿದಾಕಿ ನಾನು, ಅಳಿಯನ್ನ ಒಯ್ದವರು ಇಡ್ಲಿಯವರು’ ಎಂದು ಅವನ ತಲೆಗೆ ಮೊಟಕಿದರು.

ಮದುವೆ ಹುಡುಗಿಯ ಊರಿನಲ್ಲಾಯಿತು. ನಮಗಾರಿಗೂ ಅಷ್ಟು ದೂರ ಹೋಗಲು ರಜೆ ಸಿಗಲಿಲ್ಲ. ಹೀಗಾಗಿ ಮುಂಬಯಿಯಲ್ಲಿ ಇಟ್ಟುಕೊಂಡ ಆರತಕ್ಷತೆಯ ಊಟವೇ ನಮ್ಮ ಪಾಲಿನ ಮದುವೆ. ಲಗ್ನಸರಾಯಿಯ ಹಂಗಾಮು, ಮದುವೆಯ ಹಾಲ್ ಒಂದೂ ಖಾಲಿ ಇರಲಿಲ್ಲ. ಗೆಳೆಯನ ಮಾವನವರಿಗೆ ಲಾಂಚು ಕಂಪನಿಯವರ ಪರಿಚಯವಿತ್ತು. ಶನಿವಾರ ಮಧ್ಯಾಹ್ನದ ಮೇಲೆ ಒಂದು ಲಾಂಚು ಬಿಡುವಾಗಿರುತ್ತದೆ, ಬಂದರಿನಲ್ಲಿ ಒಂದು ಸುತ್ತು ಹಾಕಿ ಬರುವುದರೊಳಗೆ ಎಲ್ಲರ ಊಟವೂ ಆಗುತ್ತದೆ ಎಂದು ಅವರು ಗೊತ್ತುಮಾಡಿದರು. ಕುರ್ಲಾದ ನಮ್ಮ ಚಾಳಿಗೆ ಚಾಳೇ ಇದನ್ನು ಕೇಳಿ ಬೆರಗಾಯಿತು.

ಗೆಳೆಯ ಊರಿನಿಂದ ಮರಳಿದ ಸಂಜೆ ಖಾನಾವಳಿಗೆ ಬಂದು ಮಾವಶಿಯ ಕಾಲಿಗೆ ಬಿದ್ದ. ಅವರು ಮದುವೆಯ ವಿಷಯ ಕೇಳಿದ್ದು ಸ್ವಲ್ಪ. ಲಾಂಚಿನ ವಿಷಯ ಕೇಳಿದ್ದು ಬಹಳ.

‘ಅಲ್ಲಾಡತದೇನು?’

‘ಜರಾ ಅಲ್ಲಾಡತದ್ರಿ ಮಾವಶಿ.’

‘ಅಲ್ಲಾಡೂವಾಗ ಸಾರು ಹ್ಯಾಂಗ ಬಡಸತಾರ?’

‘ಅದನ್ನ ನೋಡೂಣಂತ.’

‘ನೋಡೂಣಂತ’ ಎಂದ, ಅಷ್ಟೇ. ಆ ಮಾತಿನಲ್ಲಿ ಮಾವಶಿಯೂ ಸೇರಿದ್ದಾರೆ ಎಂದು ಅವನು ತಿಳಿದ. ನಮ್ಮ ಕಡೆಯವರನ್ನೆಲ್ಲ ಅಕ್ಷತೆ ಕೊಟ್ಟು ಕರೆಯುವ ಕೆಲಸವನ್ನು ನನಗೂ, ಖಾನಾವಳಿಯಲ್ಲೇ ಹಿರಿಯರಾದ ಶಾಲೆಯ ಮಾಸ್ತರರೊಬ್ಬರಿಗೂ ಒಪ್ಪಿಸಿ ಅವನು ಮಾವನ ಮನೆಗೆ ಹೋದ.

ಅಕ್ಷತೆ ತಯಾರಾದದ್ದು ಮಾವಶಿಯ ಖೋಲಿಯಲ್ಲೇ. ಮೊರದಲ್ಲಿ ಅಕ್ಕಿ ಹರಡಿಕೊಂಡು ನುಚ್ಚು ತೆಗೆದು, ಇಡೀ ಕಾಳು ಮಾತ್ರ ಆರಿಸಿ ಕೊಟ್ಟರು. ಕಲಸುವ ಹೊತ್ತಿಗೆ ದೂರ ಸರಿದು ಗೋಡೆಗೆ ಒರಗಿ ಕುಳಿತರು. ‘ನಾ ಮುಟ್ಟಬಾರದು, ನೀವ ಕಲಸರಿ. ತುಪ್ಪ ಒಂದು ಹನಿ ಸಾಕು ಮಾಸ್ತರ, ಅದೇನು ಒಗ್ಗರಣಿ ಅಲ್ಲ.’ ತಾಟಿನ ಒಂದು ಬದಿಗೆ ಅಕ್ಷತೆ, ಇನ್ನೊಂದು ಬದಿಗೆ ಕುಂಕುಮದ ಬಟ್ಟಲು ಇಟ್ಟುಕೊಂಡು ನಾವು ಹೊರಟೆವು. ಮಾವಶಿ ಬಾಗಿಲ ತನಕ ಬಂದು ನಿಂತರು.

ಆ ಹೊತ್ತಿನಲ್ಲಿ ತಿರುಗಿ ನಿಂತು, ‘ಮಾವಶಿ, ಮೊದಲ ಕರೆ ನಿಮಗ’ ಎಂದಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲ. ಮಾಸ್ತರರು ಮೆಟ್ಟಿಲ ತಿರುವಿನಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿದರು.

‘ಇವರನ್ನ ಹ್ಯಾಂಗ ಕರೀಬೇಕೋ? ತಾಟಿನ್ಯಾಗ ಕುಂಕುಮ ಅದ. ಮುಂದ ಹಿಡದರ ಮನಸಿಗೆ ಹತ್ತತದ. ಕುಂಕುಮ ಮುಚ್ಚಿ ಹಿಡದರ ಇನ್ನೂ ಹತ್ತತದ.’

ನಾನು ಗಂಡನಿಲ್ಲದ ಹೆಣ್ಣುಮಗಳನ್ನು ಮಂಗಳಕಾರ್ಯಕ್ಕೆ ಎಂದೂ ಕರೆದವನಲ್ಲ. ಊರಿನಲ್ಲಿ ಇಂಥದ್ದನ್ನೆಲ್ಲ ಅವ್ವನೋ ಅಜ್ಜಿಯೋ ನೋಡಿಕೊಳ್ಳುತ್ತಿದ್ದರು. ಇಲ್ಲಿ ಆ ಅವ್ವನೂ ಅಜ್ಜಿಯೂ ಮಾವಶಿಯೇ, ಅವರನ್ನೇ ಕೇಳುವುದು ಹೇಗೆ? ನನಗೆ ಒಂದು ದಾರಿ ಹೊಳೆಯಿತು. ಆಗ ಅದು ಬಹಳ ಬುದ್ಧಿವಂತಿಕೆಯ ದಾರಿ ಅನ್ನಿಸಿತ್ತು.

‘ಮಾಸ್ತರ, ಮನಿಯವರನ್ನ ಯಾರರೆ ಕರೀತಾರೇನ್ರಿ? ಹುಡುಗನ ತಾಯಿ ಇದ್ದಂಗ ಅವರು. ಕರಿಯೋರ ಪೈಕಿ ಅವರು, ಕರಿಸಿಕೊಳ್ಳೋರ ಪೈಕಿ ಅಲ್ಲ.’

‘ಅದೂ ಖರೇನ’ ಎಂದು ಮಾಸ್ತರರು ಹಗುರಾದರು. ನಾನೂ ಹಗುರಾದೆ. ಮುಂಜಿಯ ಕತೆ ನನಗೆ ನೆನಪಿರಲಿಲ್ಲವೇ ಎಂದು ಕೇಳಿದರೆ, ಇತ್ತು. ನೆನಪಿದ್ದೂ ಅದನ್ನು ಆಚೆ ಸರಿಸಿದೆ. ಕುರ್ಲಾ, ಘಾಟ್ಕೋಪರ್ ಎಲ್ಲ ಸುತ್ತಿ, ಮಾವಶಿಯ ಕೆಳಗಿನ ಮಾಳಿಗೆಯ ಸಂಸಾರವನ್ನೂ ಕರೆದು, ಉಳಿದ ಅಕ್ಷತೆಯ ಸಮೇತ ತಾಟನ್ನು ತಂದು ಅವರ ಗೂಡಿನಲ್ಲೇ ಇಟ್ಟೆವು. ‘ಎಲ್ಲಾರನ್ನೂ ಕರದಿರೇನು?’ ಎಂದು ಕೇಳಿದರು. ‘ಎಲ್ಲಾರನ್ನೂ ಕರದಿವ್ರಿ’ ಎಂದೆವು.

ಶನಿವಾರ ಅರ್ಧ ದಿನದ ಕಚೇರಿ. ನಾವೆಲ್ಲ ಕಚೇರಿಗಳಿಂದ ನೇರವಾಗಿ ಡಾಕ್‌ಯಾರ್ಡ್ ರೋಡಿನಲ್ಲಿ ಇಳಿದು ಧಕ್ಕೆಗೆ ನಡೆದೆವು. ಮಾವಶಿ ಕೆಳಮಾಳಿಗೆಯವರ ಜೊತೆ ಬರುತ್ತಾರೆ ಎಂದು ನಾವು ತಿಳಿದಿದ್ದೆವು. ಕೆಳಮಾಳಿಗೆಯವರು, ಮಾವಶಿಯನ್ನು ಹುಡುಗರು ಕರೆದುಕೊಂಡು ಬರುತ್ತಾರೆ ಎಂದು ತಿಳಿದು ತಾವಷ್ಟೇ ಬಂದರು. ಲಾಂಚಿನ ಮೂತಿಯ ಹತ್ತಿರ, ಸಮುದ್ರ ಚೆನ್ನಾಗಿ ಕಾಣುವಲ್ಲಿ, ಗೆಳೆಯ ಒಂದು ಬೆತ್ತದ ಕುರ್ಚಿ ಹಾಕಿಸಿ ಅದರ ಮೇಲೆ ಮೆತ್ತೆ ಇಡಿಸಿದ್ದ. ಯಾರೋ ಕೂಡಲು ಹೋದರೆ ಎಬ್ಬಿಸಿದ. ಅದು ಯಾರಿಗೆಂದು ಅವನು ಹೇಳಲಿಲ್ಲ, ನಾವು ಕೇಳಲಿಲ್ಲ.

ಎಲ್ಲರೂ ಹತ್ತಿದ ಮೇಲೆ ಅವನು ಹಲಗೆಯ ಮೇಲೆ ನಿಂತು ದಾರಿಯ ಕಡೆ ನೋಡುತ್ತಿದ್ದ. ಲಾಂಚು ನಡೆಸುವ ಸಾರಂಗ ಬಂದು, ‘ಪಾನಿ ಉತರ್ ರಹಾ ಹೈ ಸೇಠ್, ಅಬ್ ಔರ್ ನಹೀ ರುಕ್ ಸಕ್ತಾ’ ಎಂದ. ನೀರು ಇಳಿದರೆ ಲಾಂಚು ಧಕ್ಕೆ ಬಿಡಲಾರದು. ಗೆಳೆಯ ನನ್ನ ಕಡೆ ತಿರುಗಿದ.

‘ಮಾವಶಿನ್ನ ಯಾರು ಕರದೀರಿ?’

ನಾನು ಮಾಸ್ತರರನ್ನು ನೋಡಿದೆ. ಮಾಸ್ತರರು ಸಮುದ್ರವನ್ನು ನೋಡಿದರು.

‘ಅಕ್ಷತಿ ಕೊಟ್ಟಿರಿಲ್ಲೋ?’

‘ಮನಿಯವರಿಗೆ...’ ಎಂದು ಶುರುಮಾಡಿ ನಿಲ್ಲಿಸಿದೆ. ಅವನು ಬೈಯಲಿಲ್ಲ. ‘ನಾನರೆ ಬಾಯಿಬಿಟ್ಟು ಬರ್ರಿ ಅನ್ನಬೇಕಾಗಿತ್ತು’ ಎಂದಷ್ಟೇ ಹೇಳಿದ. ಹಲಗೆ ತೆಗೆದರು. ಧಕ್ಕೆ ಹಿಂದಕ್ಕೆ ಸರಿಯಿತು.

ಆ ಊಟದ ಸೊಗಸನ್ನು ಇನ್ನೊಂದು ಸಂದರ್ಭದಲ್ಲಾದರೆ ನಗುನಗುತ್ತ ಬರೆಯಬಹುದಿತ್ತು. ಬಾಳೆಲೆ ಹಾಸಿದ ಕೂಡಲೇ ಗಾಳಿಗೆ ಎರಡು ಎಲೆ ಎದ್ದು ಸಮುದ್ರಕ್ಕೆ ಹೋದವು. ಉಳಿದವರು ನೀರಿನ ಲೋಟ ಇಟ್ಟು, ಮೊಣಕೈ ಊರಿ ಎಲೆ ಕಾಯ್ದುಕೊಂಡರು. ಲಾಂಚು ಒಂದು ಬದಿಗೆ ವಾಲಿದಾಗ ನನ್ನ ಎಲೆಯ ಸಾರು ಮಾಸ್ತರರ ಎಲೆಗೆ ಹೋಯಿತು, ಇನ್ನೊಂದು ಬದಿಗೆ ವಾಲಿದಾಗ ಅವರ ಪಾಯಸ ನನ್ನ ಕಡೆಗೆ ಬಂತು. ಬಡಿಸುವವರು ಕಂಬ ತಬ್ಬಿಕೊಂಡು ಸೌಟು ಚಾಚುತ್ತಿದ್ದರು. ಅಲ್ಲಾಡುವಾಗ ಸಾರು ಹೇಗೆ ಬಡಿಸುತ್ತಾರೆ ಎಂದು ಕೇಳಿದವರಿಗೆ ಉತ್ತರ ಕಣ್ಣ ಮುಂದೆಯೇ ಇತ್ತು. ಕೇಳಿದವರು ಇರಲಿಲ್ಲ. ದಂಡೆಯಲ್ಲಿ ನಿಂತವರು ಲಾಂಚಿನಿಂದ ಹೇಗೆ ಕಾಣುತ್ತಾರೆ ಎಂಬುದೂ ಆ ದಿನ ತಿಳಿಯಿತು. ಅವರು ಕಾಣುವುದೇ ಇಲ್ಲ. ಬರೀ ಕಟ್ಟಡಗಳು, ಕ್ರೇನುಗಳು ಕಾಣುತ್ತವೆ.

ಊಟ ಮುಗಿಯುತ್ತ ಬಂದಾಗ ಮಾವನವರು ಮದುಮಗಳನ್ನು ಕರೆದುಕೊಂಡು ನಮ್ಮ ಪಂಕ್ತಿಗೆ ಬಂದರು.

‘ಹುಡುಗನ ಕಡೆ ದೊಡ್ಡವರು ಯಾರುಂಟು ಮಾರಾಯ್ರೆ? ಮಗಳು ಕಾಲಿಗೆ ಬೀಳಬೇಕಲ್ಲ. ಯಾರೋ ತಾಯಿಯಂಥವರು ಬರ್ತಾರೆ ಅಂತ ಇವರು ಹೇಳಿದ್ದರು.’

ಗೆಳೆಯ ಖಾಲಿ ಕುರ್ಚಿಯ ಕಡೆ ನೋಡಿ, ‘ಅವರಿಗೆ ಬರಲಿಕ್ಕೆ ಆಗಲಿಲ್ಲ’ ಎಂದ. ಕೊನೆಗೆ ಆ ಹುಡುಗಿ ಮಾಸ್ತರರ ಕಾಲಿಗೆ ಬಿದ್ದಳು. ಮಾಸ್ತರರು ಬರೀ ತಲೆ ಅಲ್ಲಾಡಿಸಿದರು.

ಚಾಳಿಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಕ್ಷಮೆ ಕೇಳುವುದು ಹೇಗೆಂದು ರೈಲಿನಲ್ಲಿ ಎಲ್ಲರೂ ಕೂಡಿ ಮಾತು ಜೋಡಿಸಿಕೊಂಡಿದ್ದೆವು. ಮೆಟ್ಟಿಲು ಹತ್ತುವಾಗಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು. ಒಳಗೆ ಸಾಲಾಗಿ ಮಣೆ, ಮಣೆಯ ಮುಂದೆ ತಾಟು, ತಾಟಿನ ಪಕ್ಕ ನೀರಿನ ತಂಬಿಗೆ. ಒಂದೂ ಕಡಿಮೆ ಇಲ್ಲ. ಮಾವಶಿ ಒಲೆಯ ಮುಂದೆ ಕುಳಿತಿದ್ದರು.

‘ಬಂದಿರೇನು? ಕೈ ತೊಳಕೊಳ್ರಿ.’

ಆಗ ನಮಗೆ ಹೊಳೆಯಿತು. ತಾಟು ಬೇಡವೆಂದು ಬೆಳಿಗ್ಗೆ ಯಾರೂ ಹೇಳಿರಲಿಲ್ಲ. ಮಾವಶಿಯೇ ಲಾಂಚಿನಲ್ಲಿ ಇರುತ್ತಾರೆಂದ ಮೇಲೆ ಹೇಳುವುದೇನಿತ್ತು? ಅವರಿಗೆ ನಾವೆಲ್ಲಿ ಹೋಗಿದ್ದೇವೆ ಎಂದು ಗೊತ್ತಿತ್ತು. ಕೆಳಮಾಳಿಗೆಯವರು ರೇಷ್ಮೆ ಸೀರೆ ಉಟ್ಟು ಹೊರಟದ್ದನ್ನು ಗ್ಯಾಲರಿಯಿಂದ ನೋಡಿದ್ದರು. ಆದರೂ ಕಟ್ಟಳೆ ಕಟ್ಟಳೆಯೇ. ನಾನು ಮೂಲೆಯ ಟ್ರಂಕಿನ ಕಡೆ ನೋಡಿದೆ. ಅದರ ಮೇಲೆ ಅವರ ಒಳ್ಳೆಯ ಬಿಳಿ ಸೀರೆ ಮಡಿಚಿ ಇಟ್ಟಿತ್ತು. ಒಗೆದು, ಕೆಂಡ ತುಂಬಿದ ತಂಬಿಗೆಯಿಂದ ತೀಡಿದ್ದು. ಪಕ್ಕದಲ್ಲಿ ಆ ತಂಬಿಗೆ ಇನ್ನೂ ಹಾಗೇ ಇತ್ತು.

‘ಮಾವಶಿ, ನಾವು...’ ಎಂದರು ಮಾಸ್ತರರು.

‘ಮೊದಲ ಉಣ್ಣರಿ. ರೊಟ್ಟಿ ಆರತಾವ.’

ಕುಳಿತೆವು. ಹೋಳಿಗೆ, ಜಿಲೇಬಿ, ಪಾಯಸ ಗಂಟಲ ತನಕ ತುಂಬಿದ್ದವರ ಮುಂದೆ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ ಬಂದು ಬಿದ್ದವು. ಒಬ್ಬನಿಗೂ ಬೇಡ ಎನ್ನುವ ಧೈರ್ಯವಿರಲಿಲ್ಲ. ಮಾವಶಿ ‘ಸಾಕೇನು’ ಎಂದು ಎಂದೂ ಕೇಳಿದವರಲ್ಲ. ‘ಇನ್ನೊಂದು ಹಾಕಲೇನು?’ ಎಂದೇ ಕೇಳುವರು. ಆ ಸಂಜೆಯೂ ಹಾಗೇ ಕೇಳಿದರು, ನಾವು ಹಾಕಿಸಿಕೊಂಡೆವು. ಮಾಸ್ತರರು ಬೆವರುತ್ತ ಉಂಡರು. ನನ್ನ ಪಕ್ಕದ ಮಣೆ ಖಾಲಿ ಇತ್ತು. ಆ ಒಂದು ತಾಟನ್ನು ಮಾವಶಿ ನಮ್ಮ ಊಟವಾಗುವ ತನಕ ಹಾಗೇ ಇಟ್ಟಿದ್ದು, ಆಮೇಲೆ ತಾವು ತೆಗೆದುಕೊಂಡು ಅದರಲ್ಲೇ ಉಂಡರು. ಅದು ಸಿಟ್ಟೋ, ಕಟ್ಟಳೆಯೋ, ದುಃಖವೋ ನನಗೆ ಇಂದಿಗೂ ತಿಳಿಯದು. ನನ್ನ ಬದುಕಿನಲ್ಲಿ ಅಷ್ಟು ನಾಚಿಕೆಪಟ್ಟು ಇನ್ನೊಂದು ಊಟ ಮಾಡಿಲ್ಲ.

ಮರುದಿನ ಗೆಳೆಯ ಹೆಂಡತಿಯನ್ನು ಕರೆದುಕೊಂಡು ಬಂದ. ಹುಡುಗಿ ಕಾಲಿಗೆ ಬಿದ್ದಳು. ಮಾವಶಿ ಕೆಳಮಾಳಿಗೆಯಾಕೆಯನ್ನು ಕರೆಸಿ ಉಡಿ ತುಂಬಿಸಿದರು, ತಾವೇ ತಂದಿಟ್ಟಿದ್ದ ಕುಪ್ಪಸದ ಖಣ ಕೊಡಿಸಿದರು, ಬಿಸಿ ಶಿರಾ ತಿನ್ನಿಸಿದರು. ಒಂದು ಮಾತಿನಲ್ಲಿ ಕೊಂಕಿಲ್ಲ, ಒಂದು ನೋಟದಲ್ಲಿ ಮುನಿಸಿಲ್ಲ. ಎರಡು ಬೈದಿದ್ದರೆ ನಾವು ಬದುಕುತ್ತಿದ್ದೆವು. ಗೆಳೆಯನೇ ತಡೆಯಲಾರದೆ ಹೇಳಿದ:

‘ಮಾವಶಿ, ತಪ್ಪಾತು. ಬರೂ ರವಿವಾರ ಲಾಂಚಿನ್ಯಾಗ ನಿಮ್ಮನ್ನ ಕರಕೊಂಡು ಹೋಗತೀನಿ. ಆಚೆ ದಂಡಿ ಮುಟ್ಟಿ ಬರೂಣು. ನಾವೆಲ್ಲಾ ಕೂಡೇ ಹೋಗೂಣು.’

ಮಾವಶಿ ಹುಡುಗಿಯ ಸೆರಗಿನ ಗಂಟು ಸರಿಮಾಡುತ್ತ ಹೇಳಿದರು: ‘ಬ್ಯಾಡಪಾ. ತಿಕೀಟು ತಗಸಿ ಕೂಡೂದು ಬ್ಯಾರೆ, ಲಗ್ನಕ್ಕ ಕರಿಸಿಕೊಂಡು ಕೂಡೂದು ಬ್ಯಾರೆ.’

ಆಮೇಲೆ ಅವರು ಆ ವಿಷಯ ಎತ್ತಲಿಲ್ಲ. ನಾರಳಿ ಹುಣ್ಣಿಮೆಗೆ ದಂಡೆಗೆ ಹೋಗುವುದನ್ನು ಬಿಡಲಿಲ್ಲ. ಲಾಂಚನ್ನು ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ಅವರ ಜೊತೆ ಹೋಗುವುದನ್ನು ನಾನು ಬಿಟ್ಟೆ.

ನನ್ನ ಮದುವೆಯ ಹೊತ್ತಿಗೆ ಎಲ್ಲರಿಗಿಂತ ಮೊದಲು ಮಾವಶಿಯನ್ನೇ ಕರೆದೆ. ತಾಟು ಒಯ್ಯಲಿಲ್ಲ. ಬರೀ ಅಕ್ಷತೆಯನ್ನು ಕಾಗದದ ಪುಡಿಕೆಯಲ್ಲಿ ಕಟ್ಟಿಕೊಂಡು ಹೋಗಿ ಕೈಗೆ ಕೊಟ್ಟೆ. ಅವರು ಪುಡಿಕೆ ಬಿಚ್ಚಿ ನೋಡಿದರು, ನನ್ನ ಮುಖ ನೋಡಿದರು, ಸೆರಗಿನ ತುದಿಗೆ ಕಟ್ಟಿಕೊಂಡರು. ತಮ್ಮ ಕಟ್ಟಳೆಯಂತೆ ಮದುವೆಗೆ ಹುಬ್ಬಳ್ಳಿಗೆ ಬಂದೂ ಬಂದರು. ಖಾನಾವಳಿಗೆ ರಜೆ ಕೊಟ್ಟದ್ದು ಅದೊಂದೇ ಸಲವಂತೆ. ನಾನು ಸಾಲ ತೀರಿಸಿದವನಂತೆ ಬೀಗಿದೆ. ಆ ಪುಡಿಕೆಯೂ ಮೆಟ್ಟಿಲ ಮೇಲಿನ ಬುದ್ಧಿವಂತಿಕೆಯ ಬಾಲವೇ ಎಂದು ಅವರಿಗೆ ಅನ್ನಿಸಿತ್ತು ಎಂಬುದು ನನಗೆ ತಿಳಿದದ್ದು ಕಳೆದ ತಿಂಗಳು.

ಅಂದು ರವಿವಾರ. ಘಾಟ್ಕೋಪರಿನ ನಮ್ಮ ಖೋಲಿಯ ಬಾಗಿಲಲ್ಲಿ ಮಾವಶಿ ನಿಂತಿದ್ದರು. ವಯಸ್ಸಾಗಿತ್ತು, ಲೋಕಲ್ಲಿನ ನೂಕುನುಗ್ಗಲಿಗೆ ಸೆರಗು ಮುದುರಿತ್ತು. ಮೈಮೇಲೆ ಅದೇ ಒಳ್ಳೆಯ ಬಿಳಿ ಸೀರೆ. ಬೆಳಿಗ್ಗೆಯೇ ಸಾಂತಾಕ್ರೂಜಿಗೆ ಹೋಗಿ ಗೆಳೆಯನ ಮನೆ ಮುಗಿಸಿ ಬಂದಿದ್ದರು. ಹೀಗೆ ಊರೂರು ತಿರುಗಿ ಹಳೆಯ ಹುಡುಗರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದರು.

ನನ್ನ ಹೆಂಡತಿ ನೀರು, ಬೆಲ್ಲ ತಂದಿಟ್ಟಳು. ಮಾವಶಿ ಚೀಲದಿಂದ ತಾಟು ತೆಗೆದರು. ಅಂದು ನಾವು ಒಯ್ದಿದ್ದ ತಾಟೇ ಅದು, ಗುರುತಿಸಿದೆ. ಒಂದು ಬದಿಗೆ ಅಕ್ಷತೆ ಸುರುವಿ, ಇನ್ನೊಂದು ಬದಿಗೆ ಕುಂಕುಮದ ಬಟ್ಟಲು ಇಟ್ಟರು. ಅವರು ಕುಂಕುಮ ಮುಟ್ಟಲಿಲ್ಲ. ತಾಟನ್ನು ಎರಡೂ ಕೈಯಿಂದ ನನ್ನ ಹೆಂಡತಿಯ ಮುಂದೆ ಹಿಡಿದರು.

‘ನೀನ ಹಚ್ಚಿಕೋವಾ. ನನ್ನ ಮನಿಯಿಂದ ಕರಿಲಿಕ್ಕೆ ಬ್ಯಾರೆ ಯಾರದಾರ? ಅಕ್ಷತಿ ತಗೋ. ಖಾನಾವಳಿ ಮುಚ್ಚತೀನಿ. ಬರೂ ರವಿವಾರ ಗಂಡ ಹೆಂಡತಿ ಊಟಕ್ಕ ಬರ್ರಿ.’

ಅವಳು ಕುಂಕುಮ ಹಚ್ಚಿಕೊಂಡು ಅಕ್ಷತೆ ತೆಗೆದುಕೊಂಡಳು. ಮಾವಶಿ ತಾಟನ್ನು ನನ್ನ ಕಡೆ ತಿರುಗಿಸಿದರು. ನಾನು ಅಕ್ಷತೆಗೆ ಕೈ ಚಾಚಿದವನು ಹಾಗೇ ನಿಂತೆ.

‘ನೋಡಿದೇನು? ಹಿಂಗ ಹಿಡೀಬೇಕು’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಪಾಠ ಹೇಳುವವರ ದನಿ ಅದು. ‘ಬೇಕಾದವರು ಕುಂಕುಮ ಹಚ್ಚಿಕೋತಾರ, ಬ್ಯಾಡಾದವರು ಅಕ್ಷತಿ ಅಷ್ಟ ತಗೋತಾರ. ಅವತ್ತ ನನ್ನ ಮುಂದೂ ಹಿಂಗ ಹಿಡದಿದ್ದರ ನಾ ಅಕ್ಷತಿ ತಗೋತಿದ್ದೆ, ಕುಂಕುಮ ಬಿಡತಿದ್ದೆ. ಅಷ್ಟ ಇತ್ತು. ನೀವು ತಾಟ ಮುಂದ ಒಯ್ದ್ರಿ. ನಿನ್ನ ಲಗ್ನದಾಗ ಪುಡಿಕಿ ಕಟಗೊಂಡು ಬಂದಿ.’

ನಾಲ್ಕು ಕಾಳು ತೆಗೆದುಕೊಂಡೆ. ಎಲ್ಲವೂ ಇಡೀ ಕಾಳು, ಒಂದೂ ನುಚ್ಚಿರಲಿಲ್ಲ. ‘ತಪ್ಪದ ಬರತೇವ್ರಿ ಮಾವಶಿ. ಎಲ್ಲಾರೂ ಬರತಾರ’ ಎಂದೆ.

ಅವರು ಬಟ್ಟಲಿಗೆ ಮುಚ್ಚಳ ಹಾಕಿ, ತಾಟನ್ನು ಚೀಲದಲ್ಲಿಟ್ಟುಕೊಂಡು ಎದ್ದರು.

‘ಬರತೀರಿ, ನನಗ ಗೊತ್ತದ. ನಾ ಕರದೇನಲ್ಲ.’